ಯಾರೂ ಇಲ್ಲದ ತಜ್ಞ

ಡಾಕ್ಟರ್ ಎವಾರಿಸ್ತ್ ಕುತಿನ್ಹೊ ಅವರಿಗೆ ಪಣಜಿಯಿಂದ ಫೋನು ಬಂದಾಗ ಅವರು ಕುಡ್ತರಿ ಇಗರ್ಜಿಯ ಹಿಂಭಾಗದ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಗೋಡೆಯ ಮೇಲೆ ಬೆಳೆಯುವ ಕಲ್ಲುಹೂವಿನ ಬಗ್ಗೆ ಜೀವಮಾನವಿಡೀ ಸಂಶೋಧನೆ ಮಾಡಿದವರು ಗೋಡೆಗೆ ಮೂಗು ತಾಗಿಸದೆ ಇನ್ನೇನು ಮಾಡಿಯಾರು? ದಾರಿಹೋಕರು ಮೊದಮೊದಲು ನಿಂತು ನೋಡುತ್ತಿದ್ದರು. ಈಗ ಗೋಡೆಯನ್ನೂ ನೋಡುತ್ತಿರಲಿಲ್ಲ, ಅವರನ್ನೂ ನೋಡುತ್ತಿರಲಿಲ್ಲ.

ಅವರಿಗೆ ಬರುವ ಕರೆಗಳೆಲ್ಲ ಸಾಮಾನ್ಯವಾಗಿ ಬೇರೆ ಯಾರಿಗೋ ಹೋಗಬೇಕಾದವು. ಆದ್ದರಿಂದ ಎರಡೂ ಕಡೆಯ ಸಮಯ ಉಳಿಯಲೆಂದು ಅವರೇ ಮೊದಲು, "ರಾಂಗ್ ನಂಬರ್" ಅಂದರು.

"ಇಲ್ಲ ಸರ್, ನಿಮಗೇ ಮಾಡಿದ್ದು. ನಾನು ಉಲ್ಹಾಸ ಕೇರ್ಕರ್, ಸಂಶೋಧನಾ ಅನುದಾನ ಮಂಡಳಿಯ ಕಾರ್ಯದರ್ಶಿ. ನಿಮ್ಮನ್ನು ಈ ವರ್ಷ ಮೌಲ್ಯಮಾಪನ ಸಮಿತಿಗೆ ತಜ್ಞರಾಗಿ ಆರಿಸಿದ್ದೀವಿ."

"ಕಲ್ಲುಹೂವಿನ ಅರ್ಜಿ ಬಂದಿದೆಯಾ?"

"ಒಂದೂ ಬಂದಿಲ್ಲ ಸರ್. ನಿಮ್ಮನ್ನು ಆರಿಸಿದ್ದು ಅದಕ್ಕಲ್ಲ."

ಕೇರ್ಕರ್ ನಿಟ್ಟುಸಿರು ಬಿಟ್ಟು ವಿವರಿಸಿದರು. ಕಳೆದ ವರ್ಷ ಸಮಿತಿಯ ಸದಸ್ಯರೊಬ್ಬರು ತಮ್ಮ ಅಳಿಯನ ಅರ್ಜಿಗೆ ನೂರಕ್ಕೆ ನೂರೆರಡು ಅಂಕ ಕೊಟ್ಟುಬಿಟ್ಟಿದ್ದರು. ದೊಡ್ಡ ಗಲಾಟೆಯಾಗಿತ್ತು. ಅದಕ್ಕೆ ಈ ಸಲ ಹೊಸ ನಿಯಮ ಬಂದಿತ್ತು: ಅರ್ಜಿದಾರರ ಜೊತೆ ರಕ್ತಸಂಬಂಧ, ಗುರುಶಿಷ್ಯ ಸಂಬಂಧ ಅಥವಾ ಸ್ನೇಹಸಂಬಂಧ ಇರುವ ಸದಸ್ಯರು ಆ ಅರ್ಜಿ ಚರ್ಚೆಗೆ ಬಂದಾಗ ಕೋಣೆಯಿಂದ ಹೊರಗೆ ಹೋಗತಕ್ಕದ್ದು.

"ಒಳ್ಳೇದೇ ಅಲ್ವಾ?" ಅಂದರು ಎವಾರಿಸ್ತ್.

"ಒಳ್ಳೇದೇ ಸರ್. ಆದರೆ ನಮ್ಮ ಗೋವೆ ಎಷ್ಟು ಅಗಲ ಇದೆ ಹೇಳಿ? ಆ ತುದಿಯ ಪೆಡ್ಣೆಯಲ್ಲಿ ಒಬ್ಬ ಸೀನಿದರೆ ಈ ತುದಿಯ ಕಾಣಕೋಣದಲ್ಲಿ ಇನ್ನೊಬ್ಬ ಕಷಾಯಕ್ಕೆ ಇಡ್ತಾನೆ. ಯಾವ ವಿದ್ವಾಂಸರನ್ನು ಕೇಳಿದರೂ ಒಬ್ಬರ ಭಾವ, ಇನ್ನೊಬ್ಬರ ಗುರು, ಮತ್ತೊಬ್ಬರ ಮದುವೆಯಲ್ಲಿ ಸಾಕ್ಷಿ. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ನೀವು ಸಿಕ್ಕಿದ್ರಿ. ನಿಮ್ಮ ಲೇಖನಗಳಲ್ಲೆಲ್ಲ ನಿಮ್ಮದೊಂದೇ ಹೆಸರು. ಶಿಷ್ಯರಿಲ್ಲ. ಸಂಘ ಸಂಸ್ಥೆ ಇಲ್ಲ. ಮದುವೆ ಆಗಿಲ್ಲ. ಕಾಲೇಜಿನಲ್ಲಿ ವಿಚಾರಿಸಿದ್ವಿ, ನೀವು ನಿವೃತ್ತರಾದಾಗ ಬೀಳ್ಕೊಡುಗೆ ಸಹ ಆಗಿಲ್ಲವಂತೆ."

"ಅವತ್ತು ಬಸ್ ಮುಷ್ಕರ ಇತ್ತು."

"ಏನೇ ಇರಲಿ ಸರ್. ತುಂಬ ಚೆನ್ನಾಗಿದೆ ನಿಮ್ಮ ದಾಖಲೆ."

ಫೋನಿಟ್ಟ ಮೇಲೆ ಡಾಕ್ಟರ್ ಎವಾರಿಸ್ತ್ ಮನೆಯ ಕಡೆ ನಡೆದರು. ಅರವತ್ತೊಂದು ವರ್ಷ ಯಾರಿಗೂ ತೊಂದರೆ ಕೊಡದೆ, ಯಾರಿಂದಲೂ ತೆಗೆದುಕೊಳ್ಳದೆ, ಒಂದೇ ತಟ್ಟೆಯಲ್ಲಿ ಊಟ ಮಾಡಿ ಅದೇ ತಟ್ಟೆ ತೊಳೆದಿಟ್ಟು ಬದುಕಿದ್ದಕ್ಕೆ ಮೊದಲ ಬಾರಿ ಯಾರೋ ಅಂಕ ಕೊಟ್ಟಿದ್ದರು. ಹೆಮ್ಮೆ ಅನ್ನುವುದು ಅಭ್ಯಾಸವಿಲ್ಲದವರಿಗೆ ಬಂದಾಗ ಯಾರಿಗಾದರೂ ಹೇಳದೆ ಇರಲಾಗುವುದಿಲ್ಲ. ಹೇಳಲು ಅವರಿಗೆ ಇದ್ದದ್ದು ಮನೆಯ ಕಾಂಪೌಂಡಿನ ಗಿಡ್ಡ ಗೋಡೆ, ಆ ಗೋಡೆಯ ಆಚೆ ಕೋಕಂ ಸಿಪ್ಪೆ ಒಣಗಿಸುತ್ತಿದ್ದ ಪ್ರುದೆಂತ್ ಮಾಯ್.

"ಪ್ರುದೆಂತ್ ಮಾಯ್, ಒಂದು ಸುದ್ದಿ. ಇಡೀ ಗೋವೆಯಲ್ಲಿ ಯಾರೂ ಇಲ್ಲದವನು ನಾನೊಬ್ಬನೇ ಅಂತ ಸರಕಾರ ಗುರುತಿಸಿದೆ."

ಮುದುಕಿಯ ಕೈಯಲ್ಲಿದ್ದ ಕೋಕಂ ಸಿಪ್ಪೆ ಮೊರಕ್ಕೆ ಬಿತ್ತು. ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಸರಕಾರಕ್ಕೂ ಗೊತ್ತಾಗಿಹೋಯ್ತಾ?"

"ಎಲ್ಲ ವಿಚಾರಿಸಿಯೇ ಆರಿಸಿದ್ದಾರೆ. ಕಾಲೇಜಿನಲ್ಲೂ ಕೇಳಿದ್ದಾರೆ."

"ಅದಕ್ಕೆ ಏನು ಕೊಡ್ತಾರಂತೆ?"

"ಹೋಗಿ ಬರೋ ಖರ್ಚು. ಮತ್ತೆ ಮಧ್ಯಾಹ್ನದ ಊಟ."

"ಅಯ್ಯೋ ಜೇಜು," ಅಂದಳು ಪ್ರುದೆಂತ್ ಮಾಯ್. "ಊಟವನ್ನೂ ಸರಕಾರವೇ ಕೊಡೋ ಹಾಗಾಯ್ತಲ್ಲ ನಮ್ಮ ಎವಾರಿಸ್ತ್‌ಗೆ."

ಡಾಕ್ಟರರು ಇದನ್ನು ಅಭಿನಂದನೆ ಎಂದು ತಿಳಿದು ವಂದಿಸಿ ಒಳಗೆ ಹೋದರು.

ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಸುದ್ದಿ ಅವರ ಕೇರಿಯ, ಅಂದರೆ ವಾಡೊದ, ಎಲ್ಲ ಜಗಲಿಗಳನ್ನೂ ಹತ್ತಿ ಇಳಿದಿತ್ತು. ಮೊದಲ ಜಗಲಿಯಲ್ಲಿ ಅದು ಸರಕಾರ ಗತಿಯಿಲ್ಲದವರ ಪಟ್ಟಿ ಮಾಡಿದೆ ಎಂದಿತ್ತು. ಬೇಕರಿಗೆ ಬರುವಷ್ಟರಲ್ಲಿ ಪಟ್ಟಿಯಲ್ಲಿ ಎವಾರಿಸ್ತ್ ಮೊದಲಿಗರು ಎಂದಾಯಿತು. ಹೆಂಡದಂಗಡಿಯಿಂದ ಹೊರಬರುವಾಗ ಮಳೆಗೆ ಮುಂಚೆ ಗಾಡಿ ಬಂದು ಅವರನ್ನು ಯಾವುದೋ ಆಶ್ರಮಕ್ಕೆ ಒಯ್ಯುವುದೂ ನಿಶ್ಚಯವಾಗಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದವನು ವಾಡೊದ ಪ್ರಾರ್ಥನಾಮಂದಿರದ ಅಧ್ಯಕ್ಷ ಸೆರಾಫೀನ್. ಅವನ ಹಿಂದೆ ಹೆಂಗಸರು, ಹೆಂಗಸರ ಕೈಯಲ್ಲಿ ಮುಚ್ಚಿದ ಪಾತ್ರೆಗಳು.

"ಎವಾರಿಸ್ತ್ ಬಾಬ್," ಅಂದ ಸೆರಾಫೀನ್, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ನಮ್ಮಿಂದ ತಪ್ಪಾಗಿದೆ. ನಮ್ಮ ವಾಡೊದಲ್ಲಿ ಯಾರೂ ಇಲ್ಲದವನು ಒಬ್ಬನಿದ್ದಾನೆ ಅಂತ ಪಣಜಿಯಿಂದ ಹೇಳಿಸ್ಕೋಬೇಕಾ? ಪಕ್ಕದ ವಾಡೊದವರು ಹಲ್ಲು ಕಿಸೀತಿದ್ದಾರೆ."

"ನೀವು ತಪ್ಪು ತಿಳಿದಿದ್ದೀರಿ. ಇದೊಂದು ಗೌರವ."

"ಗೌರವ ಅಂತಾನೇ ಹೇಳ್ತಾರೆ. ನಮ್ಮ ಚಿಕ್ಕಮ್ಮನ್ನ ಆಶ್ರಮಕ್ಕೆ ಕರ್ಕೊಂಡು ಹೋದಾಗಲೂ ಹಾಗೇ ಹೇಳಿದ್ದು."

"ಸೆರಾಫೀನ್, ಕೇಳು. ಸಂಶೋಧನೆಗೆ ಹಣ ಕೊಡೋ ಮೊದಲು ಅರ್ಜಿ ಹಾಕಿದವರ ಯೋಗ್ಯತೆ ಅಳೀಬೇಕು. ಅಳೆಯೋನಿಗೆ ಯಾರ ಮೇಲೂ ಪ್ರೀತಿ ಇರಬಾರದು."

ಹೆಂಗಸರಲ್ಲಿ ಒಬ್ಬಳು ಸೆರಗಿನಂಚಿನಿಂದ ಕಣ್ಣೊರೆಸಿಕೊಂಡಳು. "ನೋಡಿ, ಹೇಗೆ ಮಾತಾಡ್ತಾನೆ ಪಾಪ."

ಅವರು ವಿವರಿಸಿದಷ್ಟೂ ಅವರ ಸ್ಥಿತಿ ಎಲ್ಲರಿಗೂ ಹೆಚ್ಚು ಮನವರಿಕೆಯಾಗುತ್ತ ಹೋಯಿತು. ಪಾತ್ರೆಗಳು ಮೇಜಿನ ಮೇಲೆ ಕೂತವು. ಒಂದರಲ್ಲಿ ಹಂದಿಮಾಂಸದ ಸೊರ್ಪೊತೆಲ್, ಇನ್ನೊಂದರಲ್ಲಿ ಇಡ್ಲಿಯಂಥ ಸಣ್ಣಾಂ, ಮೂರನೆಯದರಲ್ಲಿ ಸಿಗಡಿ ಹಾಕಿದ ಬೆಂಡೆಕಾಯಿ ಸಾರು. ಮರುದಿನ ಬೇರೆ ಗುಂಪು ಬಂತು. ಅದರ ಮರುದಿನ ಪಾದ್ರಿಗಳು ಪ್ರವಚನದ ನಡುವೆ ಯಾರ ಹೆಸರೂ ಎತ್ತದೆ, "ಗೋಡೆಗಳ ಸ್ನೇಹ ಮಾಡಿಕೊಂಡವರನ್ನೂ ನಾವು ಮರೆಯಬಾರದು" ಎಂದರು. ಇಡೀ ಇಗರ್ಜಿ ತಿರುಗಿ ಎವಾರಿಸ್ತ್ ಕೂತಿದ್ದ ಹಿಂದಿನ ಬೆಂಚಿನತ್ತ ನೋಡಿತು.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ದಿನ ಕಳೆದಂತೆ ಡಾಕ್ಟರರ ವಿವರಣೆಗಳು ಗಿಡ್ಡವಾಗುತ್ತ ಬಂದವು. ಮೊದಲು ನಿಯಮವನ್ನು ಪೂರ್ತಿ ಹೇಳುತ್ತಿದ್ದವರು ಆಮೇಲೆ "ಹಾಗಲ್ಲ" ಎಂದಷ್ಟೇ ಹೇಳತೊಡಗಿದರು. ಕೊನೆಗೆ "ಕೂತ್ಕೊಳ್ಳಿ" ಎನ್ನತೊಡಗಿದರು. ಒಳಕೋಣೆಯಿಂದ ಅಮ್ಮನ ಕಾಲದ ಬೆತ್ತದ ಕುರ್ಚಿಗಳನ್ನು ಹೊರತಂದು ಧೂಳು ಹೊಡೆದು ಜಗಲಿಯಲ್ಲಿ ಸಾಲಾಗಿ ಇಟ್ಟರು. ಯಾರೂ ಬಾರದ ಮಧ್ಯಾಹ್ನಗಳಲ್ಲಿ ಒಂದರಿಂದ ಇನ್ನೊಂದಕ್ಕೆ ತಾವೇ ಸರಿದು ಕೂತು ಯಾವುದು ಗಟ್ಟಿ ಎಂದು ಪರೀಕ್ಷಿಸಿದರು.

ಭಾನುವಾರ ಮಡಗಾಂವಿನಿಂದ ಕಾರೊಂದು ಬಂದು ನಿಂತಿತು. ಅದರಿಂದ ಇಳಿದವನು ದೂರದ ಸಂಬಂಧಿ ಕ್ರಿಸೋಸ್ತ್, ಎವಾರಿಸ್ತ್‌ರ ತಂದೆಯನ್ನು ಮಣ್ಣು ಮಾಡಿದ ದಿನ ಕಂಡವನು ಆಮೇಲೆ ಈಗಲೇ ಕಂಡದ್ದು.

"ನಾಚಿಕೆ ಆಗಲ್ವಾ ನಿನಗೆ?" ಅಂದ, ಕುರ್ಚಿಯಲ್ಲಿ ಕೂರುವ ಮೊದಲೇ. "ನನ್ನಜ್ಜಿ ನಿನ್ನಜ್ಜನ ಸ್ವಂತ ತಂಗಿ. ನಾನು ಬದುಕಿರುವಾಗ ಸರಕಾರದ ಮುಂದೆ ಹೋಗಿ ನನಗೆ ಯಾರೂ ಇಲ್ಲ ಅಂತೀಯಾ?"

"ನಾನು ಹೋಗಿಲ್ಲ ಕ್ರಿಸೋಸ್ತ್, ಅವರೇ ಫೋನ್ ಮಾಡಿದ್ದು. ಅಲ್ಲದೆ ನೀನು ಈ ಕಡೆ ಬಂದು ಎಷ್ಟು ಕಾಲ ಆಯ್ತು?"

"ಬಂದಿಲ್ಲ ಅಂದ್ರೆ ಸಂಬಂಧ ಇಲ್ಲ ಅಂತಾನಾ? ಸಂಬಂಧ ಇರೋದಕ್ಕೇ ತಾನೆ ಬರದೆ ಕೂತಿದ್ದು. ಗುರುತಿಲ್ಲದವರ ಮನೆಗೆ ಯಾರಾದರೂ ಬೇಕಂತ ಹೋಗದೆ ಇರ್ತಾರಾ?"

ಕ್ರಿಸೋಸ್ತ್ ಅಷ್ಟಕ್ಕೇ ಬಿಡಲಿಲ್ಲ. ಸೋಮವಾರ ನೇರ ಪಣಜಿಗೆ ಹೋಗಿ, ಮಂಡಳಿಯ ಕಚೇರಿಯಲ್ಲಿ ಮೇಜು ಕುಟ್ಟಿ, ಎವಾರಿಸ್ತ್ ಕುತಿನ್ಹೊಗೆ ಬಂಧುಗಳಿದ್ದಾರೆ, ದಂಡಿಯಾಗಿ ಇದ್ದಾರೆ ಎಂದು ಮೂರು ತಲೆಮಾರು ಬಾಯಿಪಾಠ ಒಪ್ಪಿಸಿದ. ಒಪ್ಪಿಸುವಾಗ ತನ್ನ ಹೆಂಡತಿಯ ಅಣ್ಣನ ಮಗಳು ಒಬ್ಬ ಅರ್ಜಿದಾರರ ಪ್ರಯೋಗಶಾಲೆಯಲ್ಲೇ ಕೆಲಸ ಮಾಡುತ್ತಾಳೆ ಎಂಬುದನ್ನೂ ಹೆಮ್ಮೆಯಿಂದ ಸೇರಿಸಿದ.

ಆ ಮಧ್ಯಾಹ್ನ ಕೇರ್ಕರ್ ಫೋನು ಮಾಡಿದರು.

"ಸರ್, ಒಂದು ಅರ್ಜಿ ನಿಮ್ಮ ಕೈಯಿಂದ ಹೋಯ್ತು. ಕೈಮುಗಿದು ಕೇಳ್ಕೋತೀನಿ, ಸಭೆ ಮುಗಿಯೋವರೆಗೆ ಹೊಸದಾಗಿ ಯಾರ ಜೊತೆಗೂ ಸಂಬಂಧ ಬೆಳೆಸಬೇಡಿ."

"ನಾನು ಬೆಳೆಸ್ತಿಲ್ಲ ಕೇರ್ಕರ್. ಅವೇ ಬರ್ತಿವೆ."

"ಬಂದರೆ ಬಾಗಿಲು ತೆಗೀಬೇಡಿ ಸರ್. ನಿಮ್ಮನ್ನು ಬಿಟ್ಟರೆ ನಮಗೆ ಯಾರೂ ಇಲ್ಲ."

ಡಾಕ್ಟರ್ ಎವಾರಿಸ್ತ್ ನಿಯಮವನ್ನು ನಿಯಮದಂತೆ ಪಾಲಿಸುವವರು. ಕುರ್ಚಿಗಳನ್ನು ಒಳಗಿಟ್ಟರು. ಬಾಗಿಲಿಗೆ ಅಗುಳಿ ಹಾಕಿದರು. ಸಂಜೆ ಪ್ರುದೆಂತ್ ಮಾಯ್ ತಟ್ಟೆ ಹಿಡಿದು ಬಂದು ಬಾಗಿಲು ಬಡಿದಳು.

"ಎವಾರಿಸ್ತ್, ಒಳಗಿದ್ದೀಯಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಡಾಕ್ಟರರು ಗಾಬರಿಯಲ್ಲಿ, "ಇಲ್ಲ" ಅಂದರು.

"ಮತ್ತೆ ಮಾತಾಡ್ತಿರೋದು ಯಾರು?"

"ಸಮಿತಿಯ ಸದಸ್ಯ."

ಆಮೇಲೆ ಮೆಟ್ಟಿಲ ಮೇಲೆ ತಟ್ಟೆ ಇಟ್ಟ ಸದ್ದು, ಚಪ್ಪಲಿ ಎಳೆದುಕೊಂಡು ಹೋದ ಸದ್ದು. ಡಾಕ್ಟರರು ಕಿಟಕಿಯ ಸಂದಿಯಿಂದ ನೋಡುತ್ತಿದ್ದಂತೆ ಸೆರಾಫೀನನ ಕೋಳಿಗಳು ಬಂದು ಸಣ್ಣಾಂ ಅಷ್ಟನ್ನೂ ಮುಗಿಸಿ ಹೋದವು. ಮರುದಿನವೂ ಹಾಗೇ ಆಯಿತು. ಅದರ ಮರುದಿನ ತಟ್ಟೆ ಬರಲಿಲ್ಲ. ವಾಡೊಗೆ ಕೋಪ ಬಂದಿತ್ತು. ಸರಕಾರದ ಊಟ ಸಿಗುತ್ತದೆಂದು ತಿಳಿದ ಮೇಲೆ ಅವನಿಗೆ ನಮ್ಮದು ರುಚಿಸುತ್ತಿಲ್ಲ ಎಂದು ಪ್ರುದೆಂತ್ ಮಾಯ್ ಎಲ್ಲರಿಗೂ ಹೇಳಿದಳು. ಹದಿನೈದು ದಿನದ ಹಿಂದೆ ಆ ಮನೆ ಹೇಗಿತ್ತೋ ಮತ್ತೆ ಹಾಗೇ ಆಯಿತು. ವ್ಯತ್ಯಾಸ ಇಷ್ಟೇ, ಹಿಂದೆಲ್ಲ ಡಾಕ್ಟರರು ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂರುತ್ತಿರಲಿಲ್ಲ.

ಅರ್ಜಿಗಳ ಕಟ್ಟು ಬಂದದ್ದು ಆ ದಿನಗಳಲ್ಲಿ. ಅವರು ಒಂದೊಂದನ್ನೂ ಎರಡೆರಡು ಸಲ ಓದಿದರು. ವಿಷಯ ಹೊಸದೇ, ಮಾಡಲು ಸಾಧ್ಯವೇ, ಮಾಡುವವರಿಗೆ ಯೋಗ್ಯತೆ ಇದೆಯೇ, ಕೇಳಿದ ಹಣ ಸರಿಯೇ ಎಂದು ಅಂಕ ಹಾಕಿದರು. ಗೇರು ಹಣ್ಣಿನ ವಾಸನೆ ತೆಗೆಯುವ ಯೋಜನೆಯೊಂದಿತ್ತು. ವಾಸನೆ ಹೆಚ್ಚಿಸುವ ಇನ್ನೊಂದಿತ್ತು. ಎರಡನ್ನೂ ಒಬ್ಬರೇ ಸಲ್ಲಿಸಿದ್ದರು. ಕಟ್ಟಿನ ಕೊನೆಗೆ ಬಂದಾಗ ಅವರ ಪೆನ್ಸಿಲು ನಿಂತಿತು.

ಮಂದಾಕಿನಿ ಕೇಂಕ್ರೆ. ಉಪ್ಪುನೀರಿನ ಗಜನಿ ಗದ್ದೆಗಳ ಬದು ಕೊರೆಯುವ ಏಡಿಗಳ ಬಗ್ಗೆ. ನಿವೃತ್ತಿಗೆ ಮುಂಚೆ ತನಗೆ ಉಳಿದಿರುವುದು ಎರಡೇ ಮಳೆಗಾಲ, ಮೊದಲ ಮಳೆಗೆ ಏಡಿಗಳು ಹೊರಬರುತ್ತವೆ, ಆಗ ಹಿಡಿದರೆ ಹಿಡಿದಂತೆ ಎಂದು ಬರೆದಿದ್ದರು. ವಾಕ್ಯಗಳು ಗದರುವ ಹಾಗಿದ್ದವು. ಅವರು ಮಾತಾಡುತ್ತಿದ್ದದ್ದೂ ಹಾಗೆಯೇ.

ಬಹಳ ಹಿಂದೆ, ಮಡಗಾಂವಿನ ಕಾಲೇಜಿನಲ್ಲಿ ಕ್ಯಾಂಟೀನು ಬೀಳುವ ಹಾಗಾಗಿ ರಿಪೇರಿಗೆ ಮುಚ್ಚಿದಾಗ, ಎವಾರಿಸ್ತ್ ಮತ್ತು ಮಂದಾಕಿನಿ ಒಂದೇ ಪ್ರಯೋಗಶಾಲೆಯ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಎವಾರಿಸ್ತ್‌ರದು ಬ್ರೆಡ್ಡು, ಹಂದಿ ಸಾಸೇಜಿನ ಚೊರಿಸ್. ಆಕೆಯದು ಅನ್ನ, ಮೀನು ಸಾರು, ಸೋಮವಾರ ಮಾತ್ರ ತರಕಾರಿಯ ಖತ್ಖತೆ. "ಬರೀ ಬ್ರೆಡ್ಡು ತಿಂದು ಗೋಡೆ ಹಾಗೇ ಆಗ್ತಿದ್ದೀಯ" ಎಂದು ಬಯ್ದು ಅರ್ಧ ಅನ್ನ ಅವರ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದರು. ರಿಪೇರಿ ಸರಕಾರದ್ದಾದ್ದರಿಂದ ನಾಲ್ಕು ವರ್ಷ ನಡೆಯಿತು. ಆಮೇಲೆ ಆಕೆಗೆ ಮ್ಹಾಪ್ಶೆಗೆ ವರ್ಗವಾಯಿತು. ಕೆಲಸವಿಲ್ಲದೆ ಫೋನು ಮಾಡುವುದು ಸರಿಯೋ ಅಲ್ಲವೋ ಎಂದು ಎವಾರಿಸ್ತ್ ಯೋಚಿಸುತ್ತ ಉಳಿದರು. ಒಮ್ಮೆ ಆಕೆ ಮರದ ತೊಗಟೆಯ ಚೂರೊಂದನ್ನು ಲಕೋಟೆಯಲ್ಲಿ ಹಾಕಿ ಕಳಿಸಿದ್ದರು, ಅದರ ಮೇಲೆ ಕಲ್ಲುಹೂವು. ಎವಾರಿಸ್ತ್ ಅದರ ಶಾಸ್ತ್ರೀಯ ಹೆಸರನ್ನು ಟೈಪು ಮಾಡಿ ಮರುಟಪಾಲಿನಲ್ಲಿ ಕಳಿಸಿದರು. ಬೇರೇನೂ ಬರೆಯಲಿಲ್ಲ, ಏಕೆಂದರೆ ಆಕೆ ಬೇರೇನೂ ಕೇಳಿರಲಿಲ್ಲ. ಮಗಳ ಮದುವೆಯ ಕರೆಯೋಲೆ ಬಂದಾಗ ಇದು ಹಳೆಯ ಸಿಬ್ಬಂದಿಗೆಲ್ಲ ಕಳಿಸಿದ್ದಿರಬೇಕು ಎಂದುಕೊಂಡು ಹೋಗಲಿಲ್ಲ. ಹೀಗೆ ಇಪ್ಪತ್ತು ವರ್ಷ ಆಗಿತ್ತು.

ಇದನ್ನು ಏನೆಂದು ಕರೆಯಬೇಕು? ರಕ್ತಸಂಬಂಧವಲ್ಲ. ಗುರುಶಿಷ್ಯ ಸಂಬಂಧವಲ್ಲ. ಮೂರನೆಯದನ್ನು ತಾವಾಗಿ ಹೇಳಿಕೊಳ್ಳಲು ಅವರಿಗೆ ಸಂಕೋಚವಾಯಿತು. ಅಂಕದ ಜಾಗ ಖಾಲಿ ಬಿಟ್ಟು ಕಟ್ಟು ಕಟ್ಟಿದರು.

ಮೇ ತಿಂಗಳ ಕೊನೆಗೆ ಸಭೆ. ಪಣಜಿಯ ಕಚೇರಿಯಲ್ಲಿ ಉದ್ದ ಮೇಜು, ಅದರ ತಲೆಗೆ ಅಧ್ಯಕ್ಷ ಡಾಕ್ಟರ್ ರಮಾಕಾಂತ ಕುಂಕಳ್ಯೇಕರ್, ಪಕ್ಕದಲ್ಲಿ ರಸಾಯನಶಾಸ್ತ್ರ ಕಲಿಸುವ ಫಾದರ್ ಆಲ್ಬಾನ್, ಎದುರಿಗೆ ಮಿಸೆಸ್ ಲವಂದೆ, ಇನ್ನೂ ಒಂದಿಬ್ಬರು. ಕಡತಗಳ ಮೇಲೆ ಚೆಲ್ಲಬಾರದೆಂದು ಚಹಾ ಮತ್ತು ಬಟಾಟೆವಡೆ ಇಟ್ಟಿದ್ದದ್ದು ಹೊರಗೆ, ಕಾರಿಡಾರಿನಲ್ಲಿ.

ಮೊದಲ ಅರ್ಜಿದಾರರ ಹೆಸರು ಓದಿದ ಕೂಡಲೇ ಫಾದರ್ ಆಲ್ಬಾನ್ ಎದ್ದರು. "ಅವನಿಗೆ ಜ್ಞಾನಸ್ನಾನ ಮಾಡಿಸಿದವನೇ ನಾನು," ಎಂದು ಹೊರಗೆ ಹೋದರು. ಮಿಸೆಸ್ ಲವಂದೆ, "ನಮ್ಮ ಓರಗಿತ್ತಿಯ ತಮ್ಮ," ಎಂದು ಹಿಂಬಾಲಿಸಿದರು. ಎರಡನೆಯದಕ್ಕೆ ಅಧ್ಯಕ್ಷರೇ ಹೊರಗೆ. ಹೀಗೆ ಒಬ್ಬರು ಹೋಗುವುದು, ಒಬ್ಬರು ಬಾಯಿ ಒರೆಸಿಕೊಂಡು ಒಳಬರುವುದು ನಡೆಯಿತು. ಕಾರಿಡಾರಿನಿಂದ ನಗು ಕೇಳಿಸುತ್ತಿತ್ತು. ಯಾರದೋ ಮಗನ ಕೆಲಸ, ಯಾರದೋ ಮೊಣಕಾಲು, ಎಲ್ಲ ವಿಚಾರವಾಗುತ್ತಿತ್ತು. ಕ್ರಿಸೋಸ್ತ್ ಕೈತಪ್ಪಿಸಿದ ಆ ಒಂದು ಅರ್ಜಿಯ ಸರದಿ ಇನ್ನೂ ಬಂದಿರಲಿಲ್ಲ; ಎವಾರಿಸ್ತ್ ಮಾತ್ರ ಒಂದು ಸಲವೂ ಏಳಲಿಲ್ಲ. ನಿಯಮದ ಪ್ರಕಾರ ಸಂಬಂಧ ಇದ್ದವರಿಗೆ ಮಾತ್ರ ಚಹಾ ಸಿಗುತ್ತಿತ್ತು ಅನ್ನುವುದನ್ನು ನಿಯಮ ಮಾಡಿದವರು ಗಮನಿಸಿರಲಿಲ್ಲ.

"ಮಂದಾಕಿನಿ ಕೇಂಕ್ರೆ," ಎಂದು ಓದಿದರು ಕೇರ್ಕರ್.

ಇಡೀ ಮೇಜು ಎದ್ದಿತು. ಅರ್ಧ ಗೋವೆಗೆ ಪಾಠ ಹೇಳಿ, ಉಳಿದರ್ಧ ಗೋವೆಯ ಮದುವೆಗಳಲ್ಲಿ ಓಡಾಡಿದ ಹೆಂಗಸು ಆಕೆ. ಕುರ್ಚಿಗಳು ಹಿಂದೆ ಸರಿದವು, ಬಾಗಿಲು ಮುಚ್ಚಿತು. ಕೋಣೆಯಲ್ಲಿ ಉಳಿದವರು ಕೇರ್ಕರ್ ಮತ್ತು ಎವಾರಿಸ್ತ್.

"ನಿಮ್ಮದು ಯಥಾಪ್ರಕಾರ ಇಲ್ಲ ಅಂತ ಹಾಕ್ತೀನಿ ಸರ್."

"ತಡೀರಿ ಕೇರ್ಕರ್. ಇದೆ ಅನ್ಸುತ್ತೆ."

ಕೇರ್ಕರ್ ಪೆನ್ನು ಕೆಳಗಿಟ್ಟರು. "ಏನಿದೆ ಸರ್?"

"ಒಟ್ಟಿಗೆ ಊಟ ಮಾಡ್ತಿದ್ವಿ."

"ಯಾವಾಗ?"

"ಕ್ಯಾಂಟೀನ್ ರಿಪೇರಿ ಆಗ್ತಿದ್ದಾಗ. ಅವರು ಅರ್ಧ ಅನ್ನ ನನಗೆ ಹಾಕ್ತಿದ್ರು."

"ಸರ್," ಅಂದರು ಕೇರ್ಕರ್ ತಗ್ಗಿದ ದನಿಯಲ್ಲಿ, "ಅರ್ಜಿದಾರರೂ ತಮಗೆ ಬೇಕಾದವರು ಯಾರ್ಯಾರು ಅಂತ ತಿಳಿಸಬೇಕು. ಮೇಡಮ್ ನಲವತ್ತು ಜನರ ಹೆಸರು ಕೊಟ್ಟಿದ್ದಾರೆ. ಈ ಕಚೇರಿಯ ಜವಾನನ ಹೆಸರೂ ಇದೆ. ನಿಮ್ಮದಿಲ್ಲ."

ಎವಾರಿಸ್ತ್ ಕನ್ನಡಕ ತೆಗೆದು ಒರೆಸಿದರು. ಅದು ಮೊದಲೇ ಚೊಕ್ಕಟವಾಗಿತ್ತು.

ಇಂಥ ಪರಿಸ್ಥಿತಿಗೆ ನಿಯಮದಲ್ಲಿ ಉತ್ತರವಿಲ್ಲದ್ದರಿಂದ ಎಲ್ಲರನ್ನೂ ಒಳಗೆ ಕರೆಯಬೇಕಾಯಿತು. ಅರ್ಜಿಯ ಬಗ್ಗೆ ಮಾತಾಡಕೂಡದು, ಎವಾರಿಸ್ತ್ ಬಗ್ಗೆ ಮಾತ್ರ ಮಾತಾಡಬಹುದು ಎಂಬ ಷರತ್ತಿನ ಮೇಲೆ ಚರ್ಚೆ ಆರಂಭವಾಯಿತು.

"ಸ್ನೇಹ ಅಂದ್ರೆ ಎರಡೂ ಕಡೆ ಇರಬೇಕು," ಅಂದರು ಕುಂಕಳ್ಯೇಕರ್. "ಒಂದೇ ಕಡೆ ಇದ್ದರೆ ಅದು ಸ್ನೇಹ ಅಲ್ಲ, ಅಭಿಪ್ರಾಯ."

"ಹಾಗನ್ನಬೇಡಿ," ಅಂದರು ಫಾದರ್ ಆಲ್ಬಾನ್. "ನಾವು ದಿನಾ ಪ್ರಾರ್ಥನೆ ಮಾಡ್ತೀವಿ. ಆ ಕಡೆಯಿಂದ ಪತ್ರ ಬಂದಿಲ್ಲ ಅಂತ ಸಂಬಂಧ ಇಲ್ಲ ಅನ್ನೋಕಾಗುತ್ತಾ?"

"ಅನ್ನ ಹಾಕಿದ್ದು ಎಷ್ಟು ವರ್ಷ?" ಕೇಳಿದರು ಮಿಸೆಸ್ ಲವಂದೆ.

"ನಾಲ್ಕು."

"ನಾಲ್ಕು ವರ್ಷ ನಮ್ಮ ಮನೆಯವರೂ ನನಗೆ ಹಾಕಿಲ್ಲ. ಇದು ಸ್ನೇಹವೇ."

"ಅವರಿಗೆ ನೆನಪೇ ಇಲ್ಲವಲ್ಲ ಮೇಡಮ್," ಅಂದರು ಕುಂಕಳ್ಯೇಕರ್.

ಹೀಗೆ ವಡೆ ಆರುವವರೆಗೆ ವಾದ ನಡೆಯಿತು. ಒಬ್ಬ ಮನುಷ್ಯನಿಗೆ ಜಗತ್ತಿನಲ್ಲಿ ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಯನ್ನು ಬಹುಮತದಿಂದ ತೀರ್ಮಾನಿಸಿದ್ದು ಗೋವೆಯಲ್ಲಿ ಬಹುಶಃ ಅದೇ ಮೊದಲು. ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು. ಎವಾರಿಸ್ತ್ ಅವರಿಗೆ ಅರ್ಜಿದಾರರ ಜೊತೆ ಸಂಬಂಧವಿಲ್ಲ, ಕೂತು ಅಂಕ ಹಾಕಬಹುದು.

"ಆಗಲ್ಲ," ಅಂದರು ಎವಾರಿಸ್ತ್.

ಕೇರ್ಕರ್ ಅವರ ಕಿವಿಯ ಹತ್ತಿರ ಬಗ್ಗಿದರು. "ಸರ್, ಯೋಚನೆ ಮಾಡಿ. ನೀವೂ ಹೊರಗೆ ಹೋದರೆ ಈ ಅರ್ಜಿ ನೋಡೋರೇ ಇಲ್ಲ. ಬೇರೆ ರಾಜ್ಯಕ್ಕೆ ಕಳಿಸಬೇಕು. ಅದು ವಾಪಸ್ ಬರೋ ಹೊತ್ತಿಗೆ ಮಳೆ ಮುಗಿದಿರುತ್ತೆ. ಇಲ್ಲ ಅಂತ ಒಂದು ಮಾತು ಅಂದುಬಿಡಿ, ಅವರಿಗೇ ಒಳ್ಳೇದು."

"ಗೊತ್ತು. ಆದರೆ ನಾನೂ ಇಲ್ಲ ಅಂದುಬಿಟ್ಟರೆ, ಆ ಒಂದು ಸಂಬಂಧವೂ ಹೋಗುತ್ತಲ್ಲ ಕೇರ್ಕರ್."

ಅವರು ಎದ್ದು ಬಾಗಿಲು ತೆಗೆದು ಕಾರಿಡಾರಿಗೆ ಹೋದರು. ಅಲ್ಲಿ ಜವಾನ ಚಹಾದ ಪಾತ್ರೆ ಓರೆ ಮಾಡಿ ಕೊನೆಯ ಲೋಟ ತುಂಬುತ್ತಿದ್ದ. ಅಷ್ಟು ಹೊತ್ತಿನಿಂದ ಕಾಣದ ಮುಖ ಕಂಡು, "ನೀವು ಯಾರ ಕಡೆಯವರು?" ಎಂದು ಕೇಳಿದ.

"ಮಂದಾಕಿನಿ ಕೇಂಕ್ರೆ ಕಡೆ," ಎಂದು ಹೇಳಿ ಡಾಕ್ಟರ್ ಎವಾರಿಸ್ತ್ ಲೋಟ ತೆಗೆದುಕೊಂಡರು.

ಮಳೆಗಾಲ ಬಂತು. ಕಡತ ಬೇರೆ ರಾಜ್ಯಕ್ಕೆ ಹೋಯಿತು. ವಾಡೊ ಇನ್ನೂ ಮುನಿಸಿಕೊಂಡೇ ಇತ್ತು. ಪ್ರುದೆಂತ್ ಮಾಯ್ ಗೋಡೆಯ ಆಚೆ ಬಟ್ಟೆ ಹಿಂಡುವಾಗ ನೀರು ಈಚೆ ಬೀಳುವಂತೆ ಹಿಂಡುತ್ತಿದ್ದಳು. ಗದ್ದೆಗಳಲ್ಲಿ ನೀರು ನಿಂತಿತು. ಬದುವಿನ ಮೇಲೆ ಏಡಿಗಳು ಅಡ್ಡಡ್ಡ ಓಡಿದವು. ಡಾಕ್ಟರ್ ಎವಾರಿಸ್ತ್ ಕೊಡೆ ಹಿಡಿದು ಹೋಗಿ ಅವನ್ನು ನೋಡಿ ಬಂದರು. ಏಡಿಗಳ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ತಾವು ಎದ್ದು ಹೋದದ್ದು ಯಾರ ಒಳಿತಿಗೆ ಎಂಬುದೂ ಗೊತ್ತಾಗಲಿಲ್ಲ.

ಗಣೇಶನ ಚವತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಗೇಟನ್ನು ಯಾರೋ ಕಾಲಿನಿಂದ ಒದ್ದು ತೆಗೆದರು. ತಲೆ ಬೆಳ್ಳಗಾಗಿತ್ತು. ಅದು ಬಿಟ್ಟರೆ ಮಂದಾಕಿನಿ ಕೇಂಕ್ರೆ ಇದ್ದ ಹಾಗೇ ಇದ್ದರು.

"ಏಡಿಗಳು ನಿನ್ನ ಸಮಿತಿಗೆ ಕಾಯ್ತಾ ಕೂತಿರ್ತಾವಾ?" ಎಂದು ಅಂಗಳದಿಂದಲೇ ಶುರು ಮಾಡಿದರು. "ಮೊದಲ ಮಳೆಗೆ ಬಂದವು, ಮರಿ ಹಾಕಿದವು, ಹೋದವು. ನನ್ನ ಹತ್ರ ಬಲೆ ಇಲ್ಲ, ದೋಣಿ ಇಲ್ಲ, ಜನ ಇಲ್ಲ. ಹಣ ಮಂಜೂರಾದದ್ದು ಮೊನ್ನೆ. ಗದ್ದೆಯಲ್ಲಿ ಈಗ ಏನು, ಕಪ್ಪೆ ಎಣಿಸಲಾ? ಎರಡು ಮಳೆಗಾಲ ಇತ್ತು ನನಗೆ, ಅದರಲ್ಲಿ ಒಂದನ್ನು ತಿಂದುಹಾಕಿದೆ. ಎಂಥ ಸ್ನೇಹಿತನಯ್ಯ ನೀನು."

ಗೋಡೆಯ ಆಚೆ ಪ್ರುದೆಂತ್ ಮಾಯ್ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

ಎವಾರಿಸ್ತ್ ಬೆತ್ತದ ಕುರ್ಚಿ ತಂದು ಹಾಕಿದರು. ಆಕೆ ಕೂರಲಿಲ್ಲ.

"ಕೇರ್ಕರ್ ಎಲ್ಲ ಹೇಳಿದ. ಕೂತ್ಕೋ ಅಂತ ಅಧ್ಯಕ್ಷರೇ ಹೇಳಿದ್ರಂತೆ. ಕೂರೋಕೆ ಏನು ಕಷ್ಟ ನಿನಗೆ? ಜೀವಮಾನ ಎಲ್ಲ ಕೂತೇ ಇದ್ದೋನು, ಆ ಒಂದು ದಿನ ಯಾಕೆ ಎದ್ದೆ?"

"ನೀವು ನನ್ನ ಹೆಸರು ಕೊಟ್ಟಿರಲಿಲ್ಲ, ಮಂದಾಬಾಯ್."

ಬಯ್ಯಲು ಎತ್ತಿದ ಆಕೆಯ ಕೈ ಅಲ್ಲೇ ನಿಂತಿತು. ಆಕೆ ಅವರ ಮುಖ ನೋಡಿದರು. ಆಮೇಲೆ ಅಂಗಳದ ತೆಂಗಿನ ಮರದ ಕಡೆ ನೋಡಿದರು.

"ಬೇಕಂತಲೇ ಕೊಡಲಿಲ್ಲ," ಅಂದರು. "ಎಲ್ಲರೂ ಎದ್ದು ಹೋಗ್ತಾರೆ ಅಂತ ಗೊತ್ತಿತ್ತು. ನೀನೊಬ್ಬನಾದರೂ ಒಳಗೆ ಉಳೀಲಿ ಅಂತ ಬಿಟ್ಟೆ. ಅಷ್ಟೂ ತಲೆ ಓಡಲಿಲ್ವಾ ನಿನಗೆ?"

ಎವಾರಿಸ್ತ್‌ರ ತಲೆ ಓಡಿತು. ಅರ್ಜಿಗಳಿಗೆ ಕೊನೆಯ ದಿನ ಫೆಬ್ರವರಿಯ ಕಾರ್ನಿವಲ್ಲಿನ ಹೊತ್ತಿಗೇ ಮುಗಿದಿತ್ತು. ಕೇರ್ಕರ್ ಅವರಿಗೆ ಫೋನು ಮಾಡಿದ್ದು ಏಪ್ರಿಲ್‌ನಲ್ಲಿ, ಈಸ್ಟರ್ ಆದ ಮೇಲೆ. ಪಟ್ಟಿ ಬರೆಯುವಾಗ ಎವಾರಿಸ್ತ್ ಸಮಿತಿಯಲ್ಲಿರುತ್ತಾರೆಂದು ಮಂದಾಕಿನಿಗಷ್ಟೇ ಅಲ್ಲ, ಎವಾರಿಸ್ತ್‌ಗೂ ಗೊತ್ತಿರಲಿಲ್ಲ. ಯಾವ ಅರ್ಜಿಯಲ್ಲಾದರೂ ಇಂಥ ಹೊಂದದ ತಾರೀಕು ಕಂಡಿದ್ದರೆ ಅವರು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು.

"ಓಡಲಿಲ್ಲ," ಅಂದರು ಅವರು. "ನನ್ನದೇ ತಪ್ಪು."

"ನಿನ್ನದೇ," ಎಂದು ಮಂದಾಕಿನಿ ಕೊನೆಗೂ ಕುರ್ಚಿಯಲ್ಲಿ ಕೂತರು. ನೀರು ಕೇಳಿ ಕುಡಿದರು. ಮನೆಯ ಧೂಳು, ಅವರ ಅಂಗಿಯ ಕಾಲರು, ಮಗಳ ಮದುವೆಗೆ ಬಾರದ್ದು, ತೊಗಟೆ ಕಳಿಸಿದರೆ ಹೇಗಿದ್ದೀರಿ ಎಂದು ಒಂದು ಸಾಲು ಬರೆಯದೆ ಹೆಸರು ಕುಟ್ಟಿ ಕಳಿಸಿದ್ದು, ಒಂದೊಂದನ್ನೂ ತೆಗೆದು ಬಯ್ದರು. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಗೇಟಿನ ಬಳಿ ತಿರುಗಿ ನಿಂತು, "ಇನ್ನೂ ಮುಗಿದಿಲ್ಲ. ಉಳಿದದ್ದು ಭಾನುವಾರ ಬಂದು ಬಯ್ತೀನಿ," ಅಂದರು.

ಭಾನುವಾರ ಬೆಳಿಗ್ಗೆ ಡಾಕ್ಟರ್ ಎವಾರಿಸ್ತ್ ಪೇಟೆಯ ಮೀನುಕಟ್ಟೆಯ ಮುಂದೆ ನಿಂತು ಬುಟ್ಟಿಯಿಂದ ಬುಟ್ಟಿಗೆ ಮೂಗು ತಾಗಿಸಿ ನೋಡುತ್ತಿದ್ದರು. ಮೀನು ಮಾರುವ ಶೆವಂತಿಯ ತಾಳ್ಮೆ ಕೆಟ್ಟಿತು.

"ದಿನಾ ಎರಡು ಬಂಗುಡೆ ಸುತ್ಕೊಂಡು ಹೋಗ್ತಿದ್ರಲ್ಲ ಬಾಬ್, ಇವತ್ತೇನು ಪರೀಕ್ಷೆ? ಯಾರಾದರೂ ಬರ್ತಾರಾ?"

"ಬರ್ತಾರೆ. ನನ್ನನ್ನು ಬಯ್ಯೋಕೆ."

"ಎಷ್ಟು ಹೊತ್ತು ಬಯ್ತಾರೆ?"

ಡಾಕ್ಟರರು ಯೋಚಿಸಿದರು. "ಇಪ್ಪತ್ತು ವರ್ಷದ್ದಿದೆ."

"ಹಾಗಾದರೆ ಬಂಗುಡೆ ಸಾಲಲ್ಲ," ಎಂದು ಶೆವಂತಿ ಬುಟ್ಟಿಯ ತಳದಿಂದ ದೊಡ್ಡ ಇಸ್ವಣ ಮೀನೊಂದನ್ನು ಎಳೆದು ಮಣೆಯ ಮೇಲೆ ಹಾಕಿದಳು.